ಸರ್ಕಾರಿ ನೌಕರರಿಗೆ ತಿಂಗಳಿಗೊಮ್ಮೆ ಬದಲು 15 ದಿನಕ್ಕೊಮ್ಮೆ ಸಂಬಳ ಕೊಟ್ಟರೆ ಒಳ್ಳೆಯದಲ್ವಾ?

ಸಂಬಳ 15ನೇ ತಾರೀಖಿಗೇ ಖಾಲಿ ಆಗುತ್ತೆ, ಅಮೆರಿಕದ ಹಾಗೆ ಎರಡು ವಾರಕ್ಕೊಮ್ಮೆ ಕೊಟ್ಟರೆ ನಮ್ಮಂಥವರು ಬದುಕಿಕೊಳ್ಳುತ್ತೇವೆ ಅಂತ ಬರೆದಿದ್ದೀರಿ. ಅಷ್ಟೇ ಆಗಿದ್ದರೆ ಓದಿ ಮುಂದೆ ಹೋಗುತ್ತಿದ್ದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ ನೋಡಿ, "ಸದ್ಯಕ್ಕೆ ಪರಿಚಯದವರೊಬ್ಬರು 16ಕ್ಕೆ ಕೊಟ್ಟು 1ಕ್ಕೆ ವಾಪಸ್ ತಗೊಳ್ತಾರೆ, ಹಂಗಾಗಿ ನಡೀತಿದೆ" ಅಂತ. ಈ ಉತ್ತರ ಆ ಒಂದು ಸಾಲಿಗೆ.

ನನಗೂ ಹಂಗೇ ನಡೀತಿತ್ತು. ಒಂದೂವರೆ ವರ್ಷ.

2014ರಲ್ಲಿ ನಾನು ದಾವಣಗೆರೆಯ ಒಂದು ಸರ್ಕಾರಿ ಕಚೇರಿಗೆ ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ) ಆಗಿ ಸೇರಿದೆ. ಆಗ ಮೂಲ ವೇತನ 11,600. ಪಿಂಚಣಿಯ ಎನ್‌ಪಿಎಸ್, ಸರ್ಕಾರಿ ವಿಮೆಯ ಕೆಜಿಐಡಿ ಎಲ್ಲ ಕಟಾವಣೆ ಆಗಿ ಕೈಗೆ ಬರುತ್ತಿದ್ದದ್ದು 12 ಸಾವಿರದ ಆಸುಪಾಸು. ನಿಟುವಳ್ಳಿಯಲ್ಲಿ ಬಾಡಿಗೆ ಮನೆ. ಅಪ್ಪ, ಅವ್ವ, ಪಿಯುಸಿ ಓದುವ ತಂಗಿ. ಹೊಸದಾಗಿ ಸೇರಿದವರಿಗೆ ಮೊದಲ ಸಂಬಳ ಯಾವಾಗ ಬರುತ್ತೆ ಅಂತ ನಿಮಗೂ ಗೊತ್ತಿರುತ್ತೆ. ಕೆಜಿಐಡಿ ನಂಬರ್ ಆಗಬೇಕು, ಎನ್‌ಪಿಎಸ್ ಖಾತೆಯ ಪ್ರಾನ್ ನಂಬರ್ ಬರಬೇಕು, ಸಂಬಳದ ಬಿಲ್ ಮಾಡುವ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಹೆಸರು ಏರಬೇಕು. ನನಗೆ ನಾಲ್ಕು ತಿಂಗಳದ್ದು ಒಟ್ಟಿಗೆ ಬಂತು. ಅಷ್ಟರಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಮನೆಯ ಪುಟ ಮುಗಿದು ಇನ್ನೊಂದು ಪುಟಕ್ಕೆ ಹೋಗಿತ್ತು.

ಇಲ್ಲಿ ಅಪ್ಪನ ವಿಷಯ ಹೇಳಲೇಬೇಕು. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಮೆಕ್ಕೆಜೋಳದ ಚೀಲ ಹೊತ್ತು ಹೊತ್ತು ಬಲಗಡೆಯ ಭುಜ ಸ್ವಲ್ಪ ಇಳಿದೇ ಹೋಗಿದೆ. ಅವರಿಗೆ ವಾರದ ಲೆಕ್ಕ. ಶನಿವಾರ ಸಂಜೆ ಬಟವಾಡೆ. ಅವ್ವ ಅಕ್ಕಿ ತರುತ್ತಿದ್ದದ್ದು ಏಳು ದಿನಕ್ಕೆ ಅಳೆದು, ಎಣ್ಣೆ ತರುತ್ತಿದ್ದದ್ದು ಏಳು ದಿನಕ್ಕೆ ಅಳೆದು. ಶುಕ್ರವಾರ ಸಾರು ತೆಳ್ಳಗೆ, ಶನಿವಾರ ರಾತ್ರಿ ಗಟ್ಟಿ. ನಮ್ಮ ವಂಶದಲ್ಲೇ ಯಾರೂ 30 ದಿನ ದುಡ್ಡು ಹಿಡಿದಿಟ್ಟುಕೊಂಡವರಲ್ಲ. ಅಂಥ ಮನೆಗೆ ಒಂದೇ ಸಲ 12 ಸಾವಿರ ಬಂದರೆ ಏನಾಗುತ್ತೆ? 1ನೇ ತಾರೀಖು ಬೆಣ್ಣೆ ದೋಸೆ, 20ರ ಮೇಲೆ ಬರೀ ಮಂಡಕ್ಕಿ.

ಹಾಗಾಗಿ ನನಗೂ ನಿಮ್ಮ ಹಾಗೇ ಅನ್ನಿಸಿತ್ತು. ತಪ್ಪು ದುಡ್ಡಿನದ್ದಲ್ಲ, ಅಂತರದ್ದು. ಅಪ್ಪನಿಗೆ ಏಳು ದಿನ, ನನಗೆ 30 ದಿನ, ನಡುವೆ 15 ಅಂತ ಒಂದಿದ್ದರೆ ಸರಿಹೋಗುತ್ತೆ ಅಂತ ಕ್ಯಾಂಟೀನಿನಲ್ಲಿ ಭಾಷಣ ಬೇರೆ ಮಾಡುತ್ತಿದ್ದೆ.

ಭಾಷಣ ಕೇಳಿದ ಜವಾನರೊಬ್ಬರು, "ಅದಕ್ಯಾಕ್ ಸರ್ಕಾರ ಬೇಕು, ಬರ್ರಿ ಸಾರ್" ಅಂತ ಹಳೇ ಬಸ್ ಸ್ಟ್ಯಾಂಡ್ ಕಡೆಯ ಒಂದು ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿ ಹಿಂದೆ ಒಬ್ಬರು ಕೂತಿದ್ದರು. ಬಿಳಿ ಅಂಗಿ, ಹಣೆಗೆ ವಿಭೂತಿ, ಬಹಳ ಮೆತ್ತಗಿನ ಮಾತು. ಕೇಳುವ ಮೊದಲೇ ಚಹಾ ಬಂತು.

"ಸರ್ಕಾರಿ ಪಗಾರ ಅಂದ್ರೆ ಬ್ಯಾಂಕಿದ್ದಂಗೆ ಸಾರ್. ಎಷ್ಟು ಬೇಕು ಹೇಳ್ರಿ."

6,000 ಕೇಳಿದೆ. ಸಂಬಳದ ಅರ್ಧ. 16ಕ್ಕೆ ಕೊಡುತ್ತೇನೆ, 1ಕ್ಕೆ ಕೊಟ್ಟುಬಿಡಿ, ನೂರಕ್ಕೆ ಐದು ಅಂದರು. 300 ರೂಪಾಯಿ. ನನಗೆ ಅದು ಬಡ್ಡಿ ಅಂತಲೇ ಅನ್ನಿಸಲಿಲ್ಲ, ಸರ್ವಿಸ್ ಚಾರ್ಜ್ ಅನ್ನಿಸಿತು. ನೀವೂ ಹಾಗೇ ಅಂದುಕೊಂಡಿರುತ್ತೀರಿ. ಲೆಕ್ಕ ಹಾಕಿ. ಐದು ಪರ್ಸೆಂಟ್ ಇರುವುದು ಅರ್ಧ ತಿಂಗಳಿಗೆ. ವರ್ಷದಲ್ಲಿ ಅರ್ಧ ತಿಂಗಳುಗಳು 24. ವರ್ಷಕ್ಕೆ 120 ಪರ್ಸೆಂಟ್ ಆಯಿತು. ಬ್ಯಾಂಕಿನವರು 12 ಅಂದರೆ "ಅಯ್ಯೋ ಜಾಸ್ತಿ ಆಯ್ತು" ಅಂತ ಎದ್ದು ಬರುವವರು ನಾವು.

ಆದರೆ ನಾನು ಮಾಡಿದ ತಪ್ಪು ಬಡ್ಡಿ ಅಲ್ಲ. ಬಡ್ಡಿಗೆ ಸಾಲ ಯಾರು ಮಾಡಿಲ್ಲ? ನನ್ನ ತಪ್ಪು ಅದರ ಮುಂದಿನ ಐದು ನಿಮಿಷದಲ್ಲಿ ಆಗಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಭದ್ರತೆಗೆ ಏನಾದ್ರೂ ಇಟ್ಕೋಬೇಕಲ್ಲ ಸಾರ್" ಅಂದರು. ಬಂಗಾರ ಇಲ್ಲ ಅಂದೆ. "ಬಂಗಾರ ಯಾಕೆ, ಕಾರ್ಡ್ ಕೊಡ್ರಿ ಸಾಕು." ನಾನು ಎಟಿಎಂ ಕಾರ್ಡ್ ತೆಗೆದು ಕೊಟ್ಟೆ. ಅವರು ಮೇಜಿನ ಡ್ರಾಯರಿನಿಂದ ಗಾಯಕ್ಕೆ ಹಚ್ಚುವ ಪಟ್ಟಿ ಇರುತ್ತಲ್ಲ, ಅದರ ಒಂದು ತುಂಡು ಕತ್ತರಿಸಿ ಕಾರ್ಡಿನ ಬೆನ್ನಿಗೆ ಅಂಟಿಸಿದರು. ಪೆನ್ನು ನನ್ನ ಕಡೆ ತಳ್ಳಿದರು. ಪಟ್ಟಿಯ ಮೇಲೆ ನನ್ನ ಹೆಸರು, ಅದರ ಕೆಳಗೆ ನಾಲ್ಕು ಅಂಕಿ ಬರೆದವನು ನಾನೇ. ಯಾರೂ ಹೆದರಿಸಲಿಲ್ಲ. ಕೈ ಸಹ ನಡುಗಲಿಲ್ಲ. ಬರವಣಿಗೆ ಚೆನ್ನಾಗಿರಲಿ ಅಂತ ಅಂಕಿಗಳನ್ನು ದುಂಡಗೆ ಬರೆದಿದ್ದೆ.

ಬಂಗಾರ ಅಡ ಇಟ್ಟರೆ ಬಂಗಾರ ಹೋಗುತ್ತೆ, ದುಡಿಮೆ ಕೈಯಲ್ಲಿರುತ್ತೆ. ಕಾರ್ಡ್ ಕೊಟ್ಟರೆ ಹೋಗುವುದು 1ನೇ ತಾರೀಖು. ಅವತ್ತಿನಿಂದ ನನಗೆ ಸಂಬಳ ಕೊಡುತ್ತಿದ್ದದ್ದು ಸರ್ಕಾರ ಅಲ್ಲ, ಆ ಬಿಳಿ ಅಂಗಿಯವರು. ಸಂಬಳ ಆದ ದಿನ ಅವರ ಹುಡುಗ ಪೂರ್ತಿ ದುಡ್ಡು ತೆಗೆಯುತ್ತಿದ್ದ, ಅವರು ತಮ್ಮದನ್ನು ಹಿಡಿದುಕೊಂಡು ಉಳಿದದ್ದನ್ನು ಎಣಿಸಿ ನನ್ನ ಕೈಗೆ ಕೊಡುತ್ತಿದ್ದರು. ಬ್ಯಾಂಕಿಗೆ ಕೊಟ್ಟಿದ್ದ ಮೊಬೈಲ್ ನಂಬರ್ ಹಳೆಯದು, ಮೆಸೇಜೂ ಬರುತ್ತಿರಲಿಲ್ಲ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಅವರು ಹೇಳಿದ್ದೇ ಲೆಕ್ಕ. ಬಾಡಿಗೆ, ದಿನಸಿ, ತಂಗಿಯ ಬಸ್ ಪಾಸು, ಇವೆಲ್ಲ ಅವರ ಹಿಂದೆ ಸರದಿಯಲ್ಲಿ ನಿಂತವು. ಇದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. 300 ಕಡಿಮೆ ಬಿತ್ತು ಅಂತ ಮುಂದಿನ ತಿಂಗಳು 6,500 ತೆಗೆದುಕೊಂಡೆ. ಆಮೇಲೆ 7,000. ಆಮೇಲೆ 8,000.

ಒಂದು 1ನೇ ತಾರೀಖಿನ ಸಂಜೆ ಅಶೋಕ ರಸ್ತೆಯ ರೈಲ್ವೆ ಗೇಟ್ ಹಾಕಿತ್ತು. ಗಾಡಿ ಹೋಗಲಿ ಅಂತ ನಿಂತವನಿಗೆ ಪಕ್ಕದ ಎಟಿಎಂ ಒಳಗೆ ಆ ಹುಡುಗ ಕಂಡ. ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು. ಇಸ್ಪೀಟ್ ಎಲೆ ಹಿಡಿದ ಹಾಗೆ. ಒಂದು ಕಾರ್ಡ್ ತೂರಿಸುವುದು, ಬೆನ್ನಿನ ಪಟ್ಟಿ ನೋಡಿ ನಂಬರ್ ಒತ್ತುವುದು, ದುಡ್ಡು ತೆಗೆದು ಚೀಟಿ ಸುತ್ತಿ ಚೀಲಕ್ಕೆ ಹಾಕುವುದು, ಮುಂದಿನ ಕಾರ್ಡ್. ಹೊರಗೆ ಮೆಟ್ಟಿಲ ಮೇಲೆ ಐದಾರು ಜನ ಕೂತಿದ್ದರು. ಇಬ್ಬರು ಕಸ ಗುಡಿಸುವ ಅಕ್ಕಂದಿರು, ಒಬ್ಬರು ಶಾಲೆ ಮೇಷ್ಟ್ರು, ಉಳಿದವರು ನನ್ನಂಥ ಗುಮಾಸ್ತರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆ ಕಟ್ಟಿನಲ್ಲಿ ನನ್ನದು ಎಷ್ಟನೆಯದೋ ಅಂತ ನಾನೂ ಎಣಿಸುತ್ತಾ ನಿಂತೆ. ಗೇಟ್ ತೆಗೆದದ್ದೂ ಗೊತ್ತಾಗಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ಅವತ್ತೇ ಬಿಡಬೇಕಿತ್ತು. ಬಿಡಲಿಲ್ಲ, ಯಾಕೆಂದರೆ ಮುಂದೆ ದುಗ್ಗಮ್ಮನ ಜಾತ್ರೆ ಇತ್ತು.

ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆಗೆ ನೆಂಟರು ಬರದಿದ್ದರೆ ಅದೇ ಅವಮಾನ. ಮಗ ಸರ್ಕಾರಿ ನೌಕರ ಆದ ಮೇಲೆ ಮೊದಲ ಜಾತ್ರೆ ಬೇರೆ. ಅಪ್ಪ ಜೀವನದಲ್ಲಿ ಮೊದಲ ಸಲ ಇಡೀ ಕುರಿ ತರಿಸಿದರು. 8,000ದ ಮೇಲೆ ಇನ್ನೂ 15,000 ತೆಗೆದುಕೊಂಡೆ. ಒಟ್ಟು 23,000, ಬಡ್ಡಿ ಸೇರಿ ಏಪ್ರಿಲ್ 1ಕ್ಕೆ 24,150.

ಮಾರ್ಚ್ ಸಂಬಳದ ಕಥೆ ನೌಕರರಿಗೆ ಗೊತ್ತು. ಅದು ಹೊಸ ಆರ್ಥಿಕ ವರ್ಷದ ದುಡ್ಡಿನಲ್ಲಿ ಏಪ್ರಿಲ್‌ನಲ್ಲಿ ಆಗುವ ಸಂಬಳ. ಅನುದಾನ ಬಿಡುಗಡೆ ಆಗಿ, ಸಂಬಳದ ಬಿಲ್‌ಗೆ ಸಹಿ ಹಾಕುವ ಅಧಿಕಾರಿ (ಡಿಡಿಓ) ಕೈಗೆ ಬಂದು, ಬಿಲ್ ಖಜಾನೆಗೆ ಹೋಗಬೇಕು. ಎಲ್ಲಿಯಾದರೂ ಒಂದು ಕಡೆ ಸಿಕ್ಕಿಕೊಂಡರೆ ಮುಗಿಯಿತು. ಆ ವರ್ಷ ನಮ್ಮ ಕಚೇರಿಯದ್ದು ಸಿಕ್ಕಿಕೊಂಡಿತು. ಸಂಬಳ ಆದದ್ದು 13ಕ್ಕೆ. ಬಿಳಿ ಅಂಗಿಯವರು ಬೈಯಲಿಲ್ಲ. "ತೊಂದ್ರಿ ಇಲ್ಲ ಸಾರ್, ಮೀಟರ್ ಹಾಕ್ತೀನಿ" ಅಂದರು. ದಿನಕ್ಕೆ 300. ಮೊದಲು ಅರ್ಧ ತಿಂಗಳಿಗೆ ಕೊಡುತ್ತಿದ್ದ 300 ಈಗ ಒಂದು ದಿನಕ್ಕೆ. 12 ದಿನಕ್ಕೆ 3,600 ಸೇರಿತು.

ಅದೇ ವಾರ ಬಳಸದ 15 ದಿನದ ಗಳಿಕೆ ರಜೆಯನ್ನು ಸರ್ಕಾರಕ್ಕೆ ಒಪ್ಪಿಸಿದ್ದಕ್ಕೆ ಬರುವ ದುಡ್ಡೂ ಖಾತೆಗೆ ಬಿತ್ತು. ಸುಮಾರು 6,500. ತಂಗಿಯ ಡಿಗ್ರಿ ಫೀಸಿಗೆ ಅಂತ ಇಟ್ಟುಕೊಂಡಿದ್ದ ದುಡ್ಡು. ಅದು ಬರುತ್ತೆ ಅಂತ ನಾನು ಅವರಿಗೆ ಹೇಳಿರಲೇ ಇಲ್ಲ. ಹೇಳುವ ಅಗತ್ಯ ಏನಿತ್ತು? ಕಾರ್ಡ್ ಅವರ ಹತ್ತಿರ ಇತ್ತು. ಸಂಬಳ 13,500, ಇದು 6,500, ಎರಡೂ ಸೇರಿ 20,000 ತೆಗೆದು "ಇನ್ನ 7,750 ಉಳೀತು ಸಾರ್" ಅಂದರು. ನನ್ನ ಕೈಗೆ ಒಂದು ರೂಪಾಯಿ ಬರಲಿಲ್ಲ. ಚಹಾ ಮಾತ್ರ ಬಂತು.

ಪೊಲೀಸರ ಹತ್ತಿರ ಹೋಗಬಹುದಿತ್ತಲ್ಲ ಅಂತೀರಿ. ಹೋಗಬಹುದಿತ್ತು. ಮಿತಿ ಮೀರಿದ ಬಡ್ಡಿ ತೆಗೆದುಕೊಳ್ಳಬಾರದು ಅಂತ ನಮ್ಮ ರಾಜ್ಯದಲ್ಲಿ 2004ರಿಂದಲೇ ಕಾನೂನಿದೆ. ಆದರೆ ನೌಕರರ ನಡತೆ ನಿಯಮದಲ್ಲಿ ಸದಾ ಸಾಲದಲ್ಲಿ ಮುಳುಗಿರಬಾರದು ಅಂತಲೂ ಇದೆಯಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಬಿಳಿ ಅಂಗಿಯವರೇ. "ನಿಮ್ಮ ಸಾಹೇಬ್ರಿಗೆ ಒಂದ್ ಅರ್ಜಿ ಕೊಡಾಕೆ ನಂಗೆಷ್ಟೊತ್ತು" ಅಂತ ಒಮ್ಮೆ ನಗುತ್ತಲೇ ಹೇಳಿದ್ದರು. ಪರಿವೀಕ್ಷಣಾ ಅವಧಿ (ಪ್ರೊಬೇಷನ್) ಮುಗಿದ ಆದೇಶ ಇನ್ನೂ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಬಿಡಿಸಿದ್ದು ನಮ್ಮ ಕಚೇರಿಯಲ್ಲಿ ಬಿಲ್ ನೋಡುತ್ತಿದ್ದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಮೇಡಂ. ಸಂಬಳ ಆಗಿ ಎರಡು ದಿನಕ್ಕೆ ಅವರ ಹತ್ತಿರ 500 ಕೈಗಡ ಕೇಳಿದ್ದೆ. ಕನ್ನಡಕ ಇಳಿಸಿ ನೋಡಿದರು.

"ಮೊನ್ನೆ ತಾನೆ ನಾನೇ ಬಿಲ್ ಮಾಡಿದೀನಿ. ಎಲ್ಲಿ ಹೋಯ್ತಪ್ಪ?"

ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು, "ನಂಬರ್ ಯಾರಿಗೂ ಹೇಳಬಾರದು ಅಂತ ಎಟಿಎಂ ಗೋಡೆ ಮೇಲೆ ಬರೆದಿರ್ತಾರಲ್ಲ, ನಿನಗೆ ಓದೋಕೆ ಬರಲ್ವಾ?"

ಆಮೇಲೆ ಅವರು ಮಾಡಿದ ಕೆಲಸ ಇಷ್ಟು. ಮರುದಿನವೇ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಿದರು. ಎಚ್‌ಆರ್‌ಎಂಎಸ್‌ನಲ್ಲಿ ನನ್ನ ಖಾತೆ ನಂಬರ್ ಬದಲಾಯಿಸಿದರು, ಮುಂದಿನ ತಿಂಗಳ ಬಿಲ್ ಆಗುವುದಕ್ಕೆ ಮೊದಲು. ಈ ಮೊದಲು ಅನ್ನುವುದೇ ಮುಖ್ಯ. ಬಿಲ್ ಖಜಾನೆಗೆ ಹೋದ ಮೇಲೆ ದೇವರು ಬಂದರೂ ಆ ತಿಂಗಳು ದುಡ್ಡು ಹಳೇ ಖಾತೆಗೇ ಬೀಳುತ್ತಿತ್ತು. ನೌಕರರ ಪತ್ತಿನ ಸಹಕಾರ ಸಂಘದಲ್ಲಿ 10,000 ಸಾಲ ಕೊಡಿಸಿದರು, ಸಂಬಳದಲ್ಲೇ ಕಂತು ಹಿಡಿಯುವ ಹಾಗೆ. ಸಂಘದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಜೆರಾಕ್ಸ್ ಅಂಗಡಿಗೆ ಹೋದೆವು. 7,750 ಎಣಿಸಿಕೊಂಡು ಅವರು ಕಾರ್ಡನ್ನು ಮೇಜಿನ ಮೇಲೆ ಎಸೆದರು. ಬೆನ್ನಿನ ಪಟ್ಟಿ ಕೊಳೆ ಹಿಡಿದು ಕಪ್ಪಾಗಿತ್ತು. ನನ್ನ ದುಂಡನೆಯ ಅಕ್ಷರ ಹಾಗೇ ಇತ್ತು.

ತಂಗಿ ಆ ವರ್ಷ ಡಿಗ್ರಿಗೆ ಸೇರಲಿಲ್ಲ. ಮುಂದಿನ ವರ್ಷ ಸೇರಿದಳು. ಒಂದು ವರ್ಷ ಬಟ್ಟೆ ಅಂಗಡಿಯಲ್ಲಿ ನಿಂತಳು. ನನ್ನ ತಪ್ಪಿಗೆ ಬಿದ್ದ ದಂಡ ಅದು, 7,750 ಅಲ್ಲ.

ಈಗ ನಾನೇ ಎಫ್‌ಡಿಎ, ಬಿಲ್ ಶಾಖೆಯಲ್ಲೇ ಇದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆಗೂ ಎರಡು ಮಾತು.

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಎರಡು ವಾರಕ್ಕೊಮ್ಮೆ, ಸಾಮಾನ್ಯವಾಗಿ ವರ್ಷಕ್ಕೆ 26 ಸಲ ಕೊಡುತ್ತಾರೆ, ನಿಜ. ಫಿಲಿಪ್ಪೀನ್ಸ್‌ನಲ್ಲೂ ತಿಂಗಳಿಗೆ ಎರಡು ಸಲ ಕೊಡುವ ರೂಢಿ ಇದೆ. ಆದರೆ ನಮ್ಮಲ್ಲಿ ಬಾಡಿಗೆ ತಿಂಗಳಿಗೆ, ಕರೆಂಟ್ ಬಿಲ್ ತಿಂಗಳಿಗೆ, ಮನೆ ಸಾಲದ ಕಂತು ತಿಂಗಳಿಗೆ. ಸಂಬಳವನ್ನು ಎರಡು ತುಂಡು ಮಾಡಿದರೆ ಮೊದಲ ತುಂಡು ಪೂರ್ತಿ ಇವಕ್ಕೇ ಹೋಗುತ್ತೆ. ನೀವು ಖಾಲಿ ಆಗುವ ದಿನ 15ರಿಂದ 4ಕ್ಕೆ ಬರುತ್ತೆ, ಅಷ್ಟೇ. ಇನ್ನು ಬಿಲ್ ಮಾಡುವವರ ಪಾಡು. ಎನ್‌ಪಿಎಸ್ ತಿಂಗಳಿಗೊಮ್ಮೆ, ಕೆಜಿಐಡಿ ತಿಂಗಳಿಗೊಮ್ಮೆ, ಎಲ್‌ಐಸಿ, ಸೊಸೈಟಿ ಕಂತು, ಹಬ್ಬದ ಮುಂಗಡದ ಕಂತು. ವೃತ್ತಿ ತೆರಿಗೆ ತಿಂಗಳಿಗೆ 200, ಈಗ ಫೆಬ್ರವರಿಯಲ್ಲಿ 300, ವರ್ಷಕ್ಕೆ 2,500 ಸರಿಹೋಗಲಿ ಅಂತ. ಈ ಒಂದು ನೂರು ರೂಪಾಯಿಗೇ ಜನ ಬಂದು "ಸಾರ್, ಈ ತಿಂಗಳು ನೂರು ಜಾಸ್ತಿ ಯಾಕೆ ಹಿಡಿದ್ರಿ" ಅಂತ ಜಗಳ ಆಡುತ್ತಾರೆ. ತಿಂಗಳಿಗೆ ಎರಡು ಬಿಲ್ ಆದರೆ ಯಾವ ಕಟಾವಣೆ ಯಾವ ಅರ್ಧಕ್ಕೆ ಅಂತ ತೀರ್ಮಾನ ಆಗುವಷ್ಟರಲ್ಲಿ ನಾನು ನಿವೃತ್ತಿ ಆಗಿರುತ್ತೇನೆ.

ಸರ್ಕಾರ ಸಂಬಳದ ತಾರೀಖು ಮುಟ್ಟಿದರೆ ನಮ್ಮ ಜೇಬು ನೋಡಿ ಮುಟ್ಟುತ್ತೆ ಅನ್ನುವ ಭ್ರಮೆಯೂ ಬೇಡ. 2024ರ ಸೆಪ್ಟೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಸಂಬಳ 5ಕ್ಕೆ, ಪಿಂಚಣಿ 10ಕ್ಕೆ ಹೋಯಿತು. ಕಾರಣ, ಸರ್ಕಾರ ತನ್ನ ಸಾಲದ ಬಡ್ಡಿ ಉಳಿಸಬೇಕಿತ್ತು. ನೋಡಿ, ಅವರಿಗೂ ಅದೇ ಚಿಂತೆ. ನರೇಗಾ ಕಾಯ್ದೆಯಲ್ಲಂತೂ ವಾರಕ್ಕೊಮ್ಮೆ, ತಪ್ಪಿದರೆ 15 ದಿನದೊಳಗೆ ಕೂಲಿ ಕೊಡಬೇಕು ಅಂತ 2005ರಲ್ಲೇ ಬರೆದಿದ್ದರು. ಜಗಳೂರು ಕಡೆಯ ಹಳ್ಳಿಗೆ ಹೋಗಿ ಕೂಲಿ ಮಾಡಿದವರನ್ನು ಕೇಳಿ, ದುಡ್ಡು ಯಾವಾಗ ಬರುತ್ತಿತ್ತು ಅಂತ.

ನನ್ನನ್ನು ಕೇಳಿದರೆ ಕಾಯಂ ನೌಕರರಾದ ನಮಗೆ 15 ದಿನದ ಸಂಬಳ ಬೇಕಾಗೇ ಇಲ್ಲ. ನಮ್ಮ ಪಕ್ಕದ ಮನೆ ಹುಡುಗಿ ಅತಿಥಿ ಶಿಕ್ಷಕಿ. ಅವಳಿಗೆ ಗೌರವಧನ ಮೂರು ತಿಂಗಳದ್ದು ಒಟ್ಟಿಗೆ ಬಂದರೆ ಅದೇ ಹಬ್ಬ. ಹೊರಗುತ್ತಿಗೆಯ ಹುಡುಗರದ್ದೂ ಅದೇ ಪಾಡು. ಸಂಬಳದ ತಾರೀಖಿಗಾಗಿ ಮುಷ್ಕರ ಮಾಡುವುದಿದ್ದರೆ ಅವರಿಗೆ ತಿಂಗಳಿಗೊಮ್ಮೆ ಸಿಗಲಿ ಅಂತ ಮಾಡೋಣ, ನಾನೂ ಬರುತ್ತೇನೆ.

ನಿಮಗೆ ಅಷ್ಟೊಂದು ಬೇಕೇ ಬೇಕು ಅಂದರೆ 15 ದಿನದ ಸಂಬಳ ನೀವೇ ಮಾಡಿಕೊಳ್ಳಬಹುದು, ಸರ್ಕಾರಿ ಆದೇಶ ಬೇಕಾಗಿಲ್ಲ. ನಾನು ಹಾಗೇ ಮಾಡುತ್ತೇನೆ. ಸಂಬಳ ಆದ ದಿನ ಬಾಡಿಗೆ, ಕಂತು ಎಲ್ಲ ಕಟ್ಟಿ, ಉಳಿದದ್ದರಲ್ಲಿ ಅರ್ಧ ಹೆಂಡತಿಯ ಖಾತೆಗೆ ಹಾಕುತ್ತೇನೆ. 16ಕ್ಕೆ ಅವಳು ವಾಪಸ್ ಹಾಕುತ್ತಾಳೆ. ಹಳೇ ಕಥೆ ಹೇಳಿದ್ದೇ ತಪ್ಪಾಯಿತು, ಪ್ರತಿ ಸಲ 300 ಹಿಡಿದುಕೊಂಡೇ ಹಾಕುತ್ತಾಳೆ. ಕೇಳಿದರೆ "ನೂರಕ್ಕೆ ಐದು ಅಲ್ಲ ಬಿಡ್ರಿ, ಕಡಿಮೇನೇ ಬೀಳುತ್ತೆ" ಅಂತಾಳೆ.

ನೀವು ಬರೆದ ಆ "ಪರಿಚಯದವರು" ನಿಮ್ಮಿಂದ ಏನು ಇಟ್ಟುಕೊಂಡಿದ್ದಾರೆ ಅಂತ ಬರೆದಿಲ್ಲ. ಕಾರ್ಡ್ ಆಗಿದ್ದರೆ ಸಾಲ ತೀರಿಸುವ ಯೋಚನೆ ಆಮೇಲೆ, ಮೊದಲು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯಿರಿ. ಇವತ್ತು ತಾರೀಖು 9. ಈ ತಿಂಗಳ ಬಿಲ್ ಇನ್ನೂ ಆಗಿರುವುದಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ತೆಗೆದು, ಒಂದು ಅರ್ಜಿ ಬರೆದು, ನಿಮ್ಮ ಬಿಲ್ ಕೇಸ್ ವರ್ಕರ್ ಕೈಗೆ ಕೊಡಿ. ಕಾರಣ ಕೇಳಿದರೆ ಹೇಳಿಬಿಡಿ. ನಾವು ಇಂಥವು ಬಹಳ ನೋಡಿರುತ್ತೇವೆ.